ಹಿಟ್ಟಿನ ಈಡು

ಏಣಿಯ ಅರ್ಧಕ್ಕೆ ಹೋದ ಕಸಿಮೀರೊ ಅಲ್ಲೇ ನಿಂತುಬಿಟ್ಟ. ಕೆಳಗಿನಿಂದ ಅವನ ಬೂಟಿನ ಹಿಮ್ಮಡಿಗಳನ್ನೇ ನೋಡುತ್ತಿದ್ದ ತಮ್ಮ ಡೆಲ್ಫೀನೊ ಉಸಿರು ಬಿಗಿಹಿಡಿದ. ಅರವತ್ತೊಂಬತ್ತು ವರ್ಷದ ಕಾಲು ಸೋತವೋ, ತಾನು ಹತ್ತುತ್ತಿದ್ದೇನೋ ಇಳಿಯುತ್ತಿದ್ದೇನೋ ಎಂಬುದೇ ಅಣ್ಣನಿಗೆ ಮರೆತುಹೋಯಿತೋ, ಹೇಳುವಂತಿರಲಿಲ್ಲ. ಈಚೆಗೆ ಎರಡೂ ಆಗುವುದಿತ್ತು.

"ಏನಾಯ್ತಣ್ಣ?"

"ಏನೂ ಆಗಿಲ್ಲ. ಈ ಮೆಟ್ಲು ಅಲ್ಲಾಡ್ತಿದೆ. ಹೋದ್ಸಲಾನೇ ಹೇಳಿದ್ದೆ, ಮೊಳೆ ಹೊಡಿ ಅಂತ. ಸೋಮಾರಿ ಮುಂಡೇದೆ!"

ಹೋದ ಸಲ ಎಂದರೆ ಆರು ವರ್ಷದ ಹಿಂದೆ. ಮೆಟ್ಟಿಲು ನಿಜಕ್ಕೂ ಅಲ್ಲಾಡುತ್ತಿತ್ತು. ಬೈಸಿಕೊಂಡ ಖುಷಿಗೆ ಡೆಲ್ಫೀನೊಗೆ ನಗುವೇ ಬಂತು.

ಅಟ್ಟಣೆ ಇದ್ದದ್ದು ಹಳೆಯ ಪೈನ್ ಮರವೊಂದರ ಮೇಲೆ, ಎರಡಾಳೆತ್ತರದಲ್ಲಿ. ಎದುರಿಗೆ ಒಂದು ಕೂಗಳತೆಯೂ ಇಲ್ಲದಷ್ಟು ಹತ್ತಿರದಲ್ಲಿ, ಇವರ ಅಜ್ಜ ಕುರಿಗಳಿಗೆಂದು ಮಣ್ಣಿನ ಏರಿ ಹಾಕಿ ಕಟ್ಟಿದ ಕೊಳ. ಕುರಿ ಹೋಗಿ ದನ ಬಂದವು, ದನವೂ ಹೋದವು, ಕೊಳ ಉಳಿಯಿತು. ಈ ವರ್ಷ ಜುಲೈ ಕಳೆದ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಮೇಲಿನ ಝರಿಗಳೆಲ್ಲ ಒಣಗಿ, ಬೆಟ್ಟದ ಈ ಮಗ್ಗುಲಿನ ಎಲ್ಕ್‌ಗಳಿಗೆ, ಕಡವೆಯಂಥ ಆ ದೊಡ್ಡ ಜಿಂಕೆಗಳಿಗೆ, ಬಾಯಿ ಒದ್ದೆ ಮಾಡಿಕೊಳ್ಳಲು ಉಳಿದಿದ್ದದ್ದು ಇದೊಂದೇ ನೀರು. ದಡದ ಕೆಸರಿನಲ್ಲಿ ಗೊರಸಿನ ಗುರುತಿಲ್ಲದ ಜಾಗವೇ ಇರಲಿಲ್ಲ. ಅಟ್ಟಣೆಯಲ್ಲಿ ಅಡಗಿ ಮರಸು ಕೂರಲು ಇದಕ್ಕಿಂತ ಒಳ್ಳೆಯ ವರ್ಷ ಸಿಗುವುದು ಕಷ್ಟ.

ಸಿಕ್ಕಿದ್ದೂ ಕಷ್ಟದಿಂದಲೇ. ರಾಜಧಾನಿ ಸಾಂತಾ ಫೆಯಲ್ಲಿ ಬೇಟೆ ಇಲಾಖೆಯವರು ಪ್ರತಿ ವರ್ಷ ಬೇಟೆಯ ಚೀಟಿ ಎತ್ತುತ್ತಾರೆ. ಅಣ್ಣತಮ್ಮಂದಿರು ಒಂದೇ ಅರ್ಜಿಯಲ್ಲಿ ಇಬ್ಬರ ಹೆಸರೂ ಬರೆದು ಕಳಿಸುವವರು. ಬಂದರೆ ಇಬ್ಬರಿಗೂ ಬರಬೇಕು, ಇಲ್ಲವಾದರೆ ಇಬ್ಬರಿಗೂ ಬೇಡ. ಐದು ವರ್ಷ ಬರಲಿಲ್ಲ. ಈ ಏಪ್ರಿಲ್‌ನಲ್ಲಿ ಬಂತು. ಅಕ್ಟೋಬರ್‌ನಲ್ಲಿ ಏಳು ದಿನ, ಕೇಪಿನ ಕೋವಿ ಮಾತ್ರ, ತಲೆಗೊಂದು ಎಲ್ಕ್. ಆ ಕಾಗದ ಬಂದ ದಿನ ಕಸಿಮೀರೊ ಅದನ್ನು ಊರೆಲ್ಲ ತೋರಿಸಿಕೊಂಡು ಬಂದ. ಮಾರನೆಯ ದಿನ ಮತ್ತೆ ಅದೇ ಮನೆಗಳಿಗೆ ಹೋಗಿ ಮತ್ತೆ ತೋರಿಸಿದ. ಊರಿನವರು ಮೊದಲ ಸಲ ನೋಡಿದವರಂತೆಯೇ ನೋಡಿದರು. ಇಪ್ಪತ್ತೆರಡು ವರ್ಷ ಕಾಲುವೆಯ ಮೇಸ್ತ್ರಿಯಾಗಿ ಊರಿಗೆಲ್ಲ ನೀರು ಹಂಚಿದ ಮನುಷ್ಯ. ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ಎಂದು ಕಾಗದ ಪುಸ್ತಕ ಏನೂ ಇಲ್ಲದೆ ತಲೆಯಲ್ಲೇ ಇಟ್ಟುಕೊಂಡಿದ್ದವನು. ನಿನ್ನೆಯೇ ತೋರಿಸಿದ್ದೆಯಲ್ಲ ಎಂದು ಅವನ ಮುಖಕ್ಕೆ ಹೊಡೆದಂತೆ ಹೇಳುವ ಎದೆ ಯಾರಿಗಿತ್ತು?

ಜುಲೈ ತಿಂಗಳ ಒಂದು ಬೆಳಿಗ್ಗೆ ಅವನ ಹೆಂಡತಿ ನೆಸ್ತೋರಾ ಕೋಳಿಗೂಡಿನಿಂದ ಮೊಟ್ಟೆ ತೆಗೆದುಕೊಂಡು ಬರುತ್ತಿದ್ದಳು. ಕಸಿಮೀರೊ ಜಗಲಿಯ ಮೇಲೆ ಕೋವಿ ಹಿಡಿದು ನಿಂತಿದ್ದ. "ಯಾರದು? ಅಲ್ಲೇ ನಿಲ್ಲು" ಎಂದ. ನಲವತ್ತೈದು ವರ್ಷ ಜೊತೆಗೆ ಬಾಳಿದವಳು ಅಂಗಳದ ನಡುವೆ ನಿಂತು, ತನ್ನ ಹೆಸರು, ತನ್ನ ಅಪ್ಪನ ಹೆಸರು, ತನ್ನ ಊರಿನ ಹೆಸರು ಹೇಳಿದಳು. ಮೂರನೆಯ ಸಲ ಹೇಳಿದ ಮೇಲೆ ಕೋವಿ ಇಳಿಯಿತು. "ಕಾಫಿ ಆಯ್ತಾ?" ಎನ್ನುತ್ತ ಅವನು ಒಳಗೆ ಹೋದ. ನೆಸ್ತೋರಾ ಇದನ್ನು ಮೈದುನನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಗಂಡನಿಗಂತೂ ಹೇಳಲೇ ಇಲ್ಲ. ಕೋವಿಗಳನ್ನು ಬೀರುವಿಗೆ ಹಾಕಿ ಬೀಗ ಜಡಿದಳು.

ಆದರೆ ಬೇಟೆ ಬೇಡ ಎಂದು ಹೇಳಲು ಅವಳಿಗೂ ಬಾಯಿ ಬರಲಿಲ್ಲ. "ಎಷ್ಟು ದಿನ ಉಳೀತು, ಎಷ್ಟು ದಿನ ಉಳೀತು ಅಂತ ದಿನಕ್ಕೆ ಹತ್ತು ಸಲ ಕೇಳ್ತಾರೆ ಕಣಪ್ಪ," ಎಂದು ನಿನ್ನೆ ಉಗ್ರಾಣದಲ್ಲಿ ಡೆಲ್ಫೀನೊನ ಹತ್ತಿರ ಪಿಸುಗುಟ್ಟಿದ್ದಳು. "ಹೆಂಡ್ತಿ ಹೆಸರು ಮರೀತಾರೆ, ಇದನ್ನ ಮರೆಯೋದಿಲ್ಲ. ಕರ್ಕೊಂಡು ಹೋಗು. ಆದ್ರೆ ಅವ್ರ ಕೋವೀಲಿ ಮದ್ದು ಇರಕೂಡ್ದು."

"ಖಾಲಿ ಇದ್ರೆ ಗೊತ್ತಾಗತ್ತೆ ಅತ್ತಿಗೆ. ಗಜ ಬಿಟ್ಟು ನೋಡ್ತಾನೆ."

ಕೇಪಿನ ಕೋವಿಯ ನಳಿಗೆಗೆ ಬಾಯಿಯಿಂದಲೇ ಮೊದಲು ಮದ್ದು, ಅದರ ಮೇಲೆ ಗುಂಡು ಹಾಕಿ ಗಜವೆಂಬ ಸಲಾಕೆಯಿಂದ ಜಡಿಯಬೇಕು; ಕುದುರೆ ಬಡಿದಾಗ ಹಿಂದಿನ ಕೇಪು ಸಿಡಿದು ಮದ್ದನ್ನು ಹೊತ್ತಿಸುತ್ತದೆ. ಸರಿಯಾಗಿ ತುಂಬಿದ ಕೋವಿಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿಗೆ ಕಸಿಮೀರೊ ಚಾಕುವಿನಿಂದ ಒಂದು ಗೆರೆ ಕೊರೆದಿಟ್ಟಿದ್ದ. ಗೆರೆ ನಳಿಗೆಯ ಬಾಯಿಗೆ ಸಮನಾಗಿ ನಿಂತರೆ ಈಡು ಸರಿ. ಒಂದು ಬೆರಳು ಕೆಳಗೆ ಹೋದರೂ ಮದ್ದಿಲ್ಲ ಎಂದು ಕುರುಡನಿಗೂ ತಿಳಿಯುತ್ತದೆ.

ಹಿಟ್ಟಿನ ಉಪಾಯ ಹೊಳೆದದ್ದು ಡೆಲ್ಫೀನೊಗೇ. ಅತ್ತಿಗೆಯ ಡಬ್ಬಿಯಿಂದ ನೀಲಿ ಮೆಕ್ಕೆಜೋಳದ ಹಿಟ್ಟನ್ನು ಮದ್ದಿನ ಅಳತೆಯಲ್ಲೇ ಅಳೆದು, ಒಂದು ಸಣ್ಣ ಸೀಸೆಗೆ ತುಂಬಿಕೊಂಡ. ಬಾಕಿಯದನ್ನೂ ಯೋಚಿಸಿಟ್ಟುಕೊಂಡಿದ್ದ. ಅಣ್ಣ ಗುರಿ ಹಿಡಿದು ಕುದುರೆ ಬೀಳಿಸುವ ಕ್ಷಣಕ್ಕೆ ಸರಿಯಾಗಿ ಪಕ್ಕದಲ್ಲಿ ತಾನೂ ಹೊಡೆಯುವುದು. ಹೊಗೆಯಲ್ಲಿ ಸದ್ದಿನಲ್ಲಿ ಯಾರ ಗುಂಡು ಯಾವುದೆಂದು ಯಾರು ನೋಡುತ್ತಾರೆ? ಪ್ರಾಣಿ ಬೀಳುತ್ತದೆ, ಅಣ್ಣ ಹೊಡೆದದ್ದಾಗುತ್ತದೆ, ಎರಡು ಮನೆಗೂ ಚಳಿಗಾಲಕ್ಕೆ ಮಾಂಸವಾಗುತ್ತದೆ. ನೆಸ್ತೋರಾ ಸೀಸೆಯನ್ನು ನೋಡಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಇಂದು ಮಧ್ಯಾಹ್ನ ಅಣ್ಣ ಹೆಜ್ಜೆ ನೋಡಲು ಕೊಳದ ಕಡೆ ಹೋದಾಗ ಟ್ರಕ್ಕಿನ ಹಿಂಬಾಗಿಲ ಮೇಲೆ ಡೆಲ್ಫೀನೊ ಕೆಲಸ ಮುಗಿಸಿಬಿಟ್ಟ. ಹಿಟ್ಟು, ಮೇಲೆ ಗುಂಡು. ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗದೆ ನಿಂತಿತು.

ಕಸಿಮೀರೊ ಬಂದವನೇ ಕೋವಿ ನೋಡಿದ. "ಯಾರು ತುಂಬಿದ್ದು ಇದನ್ನ?"

ಅವನ ಕೋವಿಯನ್ನು ಅವನು ಇನ್ನೊಬ್ಬರ ಕೈಗೆ ಎಂದೂ ಕೊಟ್ಟವನಲ್ಲ. ಡೆಲ್ಫೀನೊ ಇದನ್ನು ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ.

"ನೀನೇ ತುಂಬಿದ್ದಲ್ಲ ಈಗ. ಇಷ್ಟು ಬೇಗ ಮರೆತ್ಯಾ?"

ಅಣ್ಣನ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಗಜ ತೆಗೆದು ನಳಿಗೆಗೆ ಬಿಟ್ಟ. ಗೆರೆಯ ಮೇಲೆ ಹೆಬ್ಬೆಟ್ಟಿನ ಉಗುರಿಟ್ಟು ನೋಡಿದ. ಮುಖ ಅರಳಿತು. "ನೋಡ್ದೇನೋ? ತಲೆ ಮರೆತ್ರೂ ಕೈ ಮರೆಯೋದಿಲ್ಲ. ಆ ಡಾಕ್ಟ್ರಿಗೆ ತೋರಿಸ್ಬೇಕು ಇದನ್ನ."

ಡೆಲ್ಫೀನೊ ಹಿಟ್ಟಿನ ಖಾಲಿ ಸೀಸೆಯನ್ನು ಜೇಬಿನ ಆಳಕ್ಕೆ ತುರುಕಿದ.

ಈಗ ಇಬ್ಬರೂ ಅಟ್ಟಣೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು. ಹಗ್ಗ ಕಟ್ಟಿ ಕೋವಿಗಳನ್ನು ಮೇಲಕ್ಕೆಳೆದುಕೊಂಡು ಕೇಪು ಸಿಕ್ಕಿಸಿದ್ದಾಯಿತು. ಬಿಸಿಲು ಏರಿಯನ್ನು ದಾಟಿ ಆಚೆ ದಡದ ಆಸ್ಪೆನ್ ಮರಗಳ ಹಳದಿ ಎಲೆಗಳಿಗೆ ಹತ್ತಿತು. ಕಸಿಮೀರೊ ಮಾತಿಲ್ಲದೆ ಕೂತಿದ್ದ. ಮನೆಯಲ್ಲಿ ಐದು ನಿಮಿಷ ಒಂದು ಕಡೆ ಕೂರದವನು, ಕದ ತೆಗೆದು ಹಾಕಿ, ತೆಗೆದು ಹಾಕಿ ನೆಸ್ತೋರಾಳ ಪ್ರಾಣ ತಿನ್ನುವವನು, ಇಲ್ಲಿ ಕಲ್ಲಿನ ಹಾಗೆ ಕೂತಿದ್ದ. ಎರಡು ಗಂಟೆಯಲ್ಲಿ ಒಂದೇ ಸಲ ಬಾಯಿ ತೆರೆದ.

"ಗಾಳಿ ತಿರುಗ್ತು. ಎಡಗಡೆಯಿಂದ ಬರತ್ತೆ ನೋಡು."

ಎಡಗಡೆಯಿಂದಲೇ ಬಂತು. ಮೊದಲು ಓಕ್ ಪೊದೆಯ ಮೇಲೆ ಕೊಂಬು ಕಾಣಿಸಿತು, ಒಂದೊಂದರಲ್ಲೂ ಆರು ಕವಲು. ಆಮೇಲೆ ಕಂದು ಜೂಲಿನ ಕುತ್ತಿಗೆ. ದಡಕ್ಕೆ ಬಂದು ಸುತ್ತ ನೋಡಿತು. ಮುಂಗಾಲನ್ನು ನೀರಿಗಿಟ್ಟು ತಲೆ ತಗ್ಗಿಸಿತು.

ಕಸಿಮೀರೊ ಕೋವಿ ಎತ್ತಿದ. ಡೆಲ್ಫೀನೊ ತನ್ನದನ್ನೂ ಎತ್ತಿದ. ಅಣ್ಣ ನಿಧಾನ, ಉಸಿರು ಎರಡು ಸಲ ಬಿಟ್ಟು, ಮೂರನೆಯದನ್ನು ಹಿಡಿದು ಹೊಡೆಯುವವನು. ಮೊದಲ ಉಸಿರು ಕೇಳಿಸಿತು. ಡೆಲ್ಫೀನೊ ಓರೆಗಣ್ಣಿನಲ್ಲಿ ಒಮ್ಮೆ ನೋಡಿದ. ಅಲ್ಲೇ ತಪ್ಪಿದ್ದು. ಕೋವಿಯ ಹಿಡಿಗೆ ಒತ್ತಿದ ಆ ಕೆನ್ನೆ, ಆ ಕಣ್ಣು, ಇಪ್ಪತ್ತು ವರ್ಷ ಹಿಂದಿನದು. ಮರೆವಿಲ್ಲ, ಗಲಿಬಿಲಿಯಿಲ್ಲ. ಎಷ್ಟೋ ತಿಂಗಳ ಮೇಲೆ ಅವನ ಅಣ್ಣ ಅಲ್ಲಿದ್ದ. ಡೆಲ್ಫೀನೊ ಪ್ರಾಣಿಯನ್ನು ಮರೆತು ಆ ಮುಖವನ್ನೇ ನೋಡುತ್ತ ಉಳಿದುಬಿಟ್ಟ.

ಟಪ್.

ಕೇಪು ಸಿಡಿದ ಸದ್ದು, ಅಷ್ಟೇ. ನೀರು ಚಿಮ್ಮಿತು, ಪೊದೆ ಮುರಿಯಿತು, ದಡ ಖಾಲಿಯಾಯಿತು. ಡೆಲ್ಫೀನೊನ ಬೆರಳು ಇನ್ನೂ ತನ್ನ ಕೋವಿಯ ಟ್ರಿಗರ್ ಮುಟ್ಟಿಯೇ ಇರಲಿಲ್ಲ.

ಕಸಿಮೀರೊ ಕೋವಿ ಇಳಿಸಲಿಲ್ಲ. ಕೆಲವು ಸಲ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಕೇಪು ಸಿಡಿದೂ ಈಡು ಹಾರದಿದ್ದರೆ ನಳಿಗೆಯನ್ನು ಬಯಲಿಗೆ ಹಿಡಿದು ಅರವತ್ತು ಎಣಿಸಬೇಕು. ಅವನು ತುಟಿಯಲ್ಲೇ ಎಣಿಸಿದ. ಒಂದನ್ನೂ ಬಿಡದೆ ಅರವತ್ತನ್ನೂ ಎಣಿಸಿ, ಕೋವಿಯನ್ನು ತೊಡೆಯ ಮೇಲೆ ಮಲಗಿಸಿದ.

"ಮದ್ದು ಹಾಕಿಲ್ಲ ನಾನು," ಎಂದ.

"ಕೇಪು ತೇವ ಆಗಿರತ್ತಣ್ಣ."

"ತೇವ ಆಗಿದ್ರೆ ಸಿಡೀತಿತ್ತಾ? ಮದ್ದು ಹಾಕೋದೇ ಮರೆತಿದೀನಿ ಕಣೋ. ಐವತ್ತು ವರ್ಷದಲ್ಲಿ ನಾನು ತುಂಬಿದ ಈಡು ಒಂದೂ ಸತ್ತಿರ್ಲಿಲ್ಲ." ಗಜವನ್ನು ಕೈಗೆ ತೆಗೆದುಕೊಂಡು ಗೆರೆಯನ್ನು ಸವರಿದ. "ಗೆರೆ ಸರಿಯಾಗಿತ್ತಲ್ಲ. ನಾನು ನೋಡಿದ್ನಲ್ಲ. ನೋಡ್ದೆ ತಾನೇ? ಇಲ್ಲಾ, ನೋಡಿದ ಹಾಗೆ ಅಂದ್ಕೊಂಡ್ನಾ?"

ಡೆಲ್ಫೀನೊ ತನ್ನ ಕೋವಿಯ ಕುದುರೆ ಇಳಿಸಿ ಅದನ್ನು ಪಕ್ಕಕ್ಕಿಟ್ಟ.

"ನೆಸ್ತೋರಾ ಹೇಳಿದಾಗೆಲ್ಲ ಅವಳ ಮೇಲೆ ಹರಿಹಾಯ್ತಿದ್ದೆ," ಕಸಿಮೀರೊ ನೀರಿನ ಕಡೆ ನೋಡಿಕೊಂಡೇ ಹೇಳಿದ. "ಒಲೆ ಆರಿಸ್ಲಿಲ್ಲ ಅಂತಾಳೆ, ನಾನು ಆರಿಸಿದೀನಿ ಅಂತೀನಿ. ನಾನೇ ಸರಿ ಅಂತ ಮನಸ್ಸಲ್ಲಿತ್ತು ನಂಗೆ. ಯಾಕಂದ್ರೆ ಈ ಕೈ ಇತ್ತಲ್ಲ. ಈಗ ಇದೂ ಹೋಯ್ತು. ಆ ಎಸ್ಪನ್ಯೋಲದಲ್ಲಿ ಮುದುಕ್ರನ್ನ ಇಟ್ಕೊಳ್ಳೋ ಜಾಗ ಇದೆಯಂತಲ್ಲ, ಅಲ್ಲಿಗೆ ಸೇರಿಸ್ಬಿಡಿ ನನ್ನ. ನಾನೇ ಹೇಳ್ತೀನಿ ಅವಳಿಗೆ, ಅಳಬೇಡ ಅಂತ."

ಅವನು ಅಳುತ್ತಿರಲಿಲ್ಲ. ಯಾರದೋ ಮನೆಗೆ ಈ ವಾರ ನೀರಿಲ್ಲ ಎಂದು ಹೇಳುವ ಮೇಸ್ತ್ರಿಯ ದನಿಯಲ್ಲೇ ಹೇಳುತ್ತಿದ್ದ. ಅತ್ತಿದ್ದರೆ ಡೆಲ್ಫೀನೊ ಬಾಯಿಗೆ ಬೀಗ ಹಾಕಿಕೊಂಡು ಇರುತ್ತಿದ್ದನೋ ಏನೋ.

"ಕೆಳಗಿಳಿಯೋಣ ಬಾ ಅಣ್ಣ," ಎಂದ.

ಟ್ರಕ್ಕಿನ ಹಿಂಬಾಗಿಲ ಮೇಲೆ ಡೆಲ್ಫೀನೊ ಅಣ್ಣನ ಕೋವಿ ಮಲಗಿಸಿದ. ಗಜದ ತುದಿಗೆ ತಿರುಪು ಸಿಕ್ಕಿಸಿ, ನಳಿಗೆಗೆ ಇಳಿಸಿ, ಸೀಸದ ಗುಂಡಿಗೆ ಅದನ್ನು ತಿರುಗಿಸಿ ಕಚ್ಚಿಸಿದ. ತಿರುಪು ಎರಡು ಸಲ ಜಾರಿತು. ಕಸಿಮೀರೊ, "ಎಡಕ್ಕೆ ಒತ್ಬೇಡ, ನೇರ ಹಿಡಿ" ಎಂದು ಅಭ್ಯಾಸಬಲದಿಂದ ಹೇಳಿದ. ಗುಂಡು ಹೊರಬಂತು. ಡೆಲ್ಫೀನೊ ಅಣ್ಣನ ಅಂಗೈಯನ್ನು ಬಿಡಿಸಿ ಅದರ ಮೇಲೆ ಕೋವಿಯನ್ನು ಬೋರಲು ಹಾಕಿ ತಟ್ಟಿದ.

ಬೂದಿನೀಲಿ ಹಿಟ್ಟು ಅಂಗೈ ತುಂಬ ಸುರಿಯಿತು.

ಕಸಿಮೀರೊ ಅದನ್ನು ಮೂಸಿದ. ನಾಲಿಗೆಯ ತುದಿಗೆ ಇಟ್ಟುಕೊಂಡ. ನಲವತ್ತೈದು ವರ್ಷ ಪ್ರತಿ ಬೆಳಿಗ್ಗೆ ಕುಡಿದ ಗಂಜಿಯ ಹಿಟ್ಟು; ಅದನ್ನು ನಾಲಿಗೆ ಮರೆಯುವುದುಂಟೆ?

"ನಾನು ತುಂಬಿದ್ದಣ್ಣ," ಡೆಲ್ಫೀನೊ ಒಂದೇ ಉಸಿರಿಗೆ ಹೇಳಿದ. "ನೀನು ಹೆಜ್ಜೆ ನೋಡಕ್ಕೆ ಹೋದಾಗ. ನೀನೇ ತುಂಬಿದ್ದು ಅಂದಿದ್ದು ಸುಳ್ಳು. ಗೆರೆ ಸರಿಬರ್ಲಿ ಅಂತ ಹಿಟ್ಟು ಹಾಕ್ದೆ."

ಹೊಡೆಯಲಿ, ಉಗಿಯಲಿ, ಇನ್ನು ಮುಖ ನೋಡುವುದಿಲ್ಲ ಎನ್ನಲಿ ಎಂದು ತಯಾರಾಗಿ ನಿಂತಿದ್ದ. ಕಸಿಮೀರೊ ಅಂಗೈಯನ್ನೇ ನೋಡುತ್ತಿದ್ದ. ಅವನ ಭುಜ ಅಲುಗಿತು. ನಗುತ್ತಿದ್ದಾನೆಂದು ತಿಳಿಯಲು ತಮ್ಮನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹಾಗಾದ್ರೆ ನಾನು ಮರೆತಿಲ್ಲ!"

"ಇಲ್ಲಣ್ಣ."

"ಗೆರೆ ನೋಡಿದ್ದು ನಿಜ!"

"ನಿಜ."

"ಅಯ್ಯೋ ಕಳ್ಳ ನನ್ಮಗನೆ!" ಹಿಟ್ಟು ಮೆತ್ತಿದ ಕೈಯಲ್ಲೇ ತಮ್ಮನ ಕುತ್ತಿಗೆ ಹಿಡಿದು ಅಲ್ಲಾಡಿಸಿದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. "ನಿನ್ನ ಬೋಳು ತಲೇಲಿ ಇಷ್ಟು ಬುದ್ಧಿ ಇದೆ ಅಂತ ನಂಗೊತ್ತೇ ಇರ್ಲಿಲ್ಲ. ಅತ್ತಿಗೆ ಡಬ್ಬಿಗೇ ಕೈ ಹಾಕ್ದ್ಯಾ? ಅವಳಿಗೆ ಗೊತ್ತಾದ್ರೆ ನಿಂಗೆ ವಾರ ರೊಟ್ಟಿ ಇಲ್ಲ ಕಣೋ. ಎಂಥಾ ಹೆದರಿಕೆ ಹುಟ್ಟಿಸ್ಬಿಟ್ಟೆ! ನಾನೇ ಹೋದೆ ಅಂದ್ಕೊಂಡಿದ್ದೆ." ಡೆಲ್ಫೀನೊನೂ ನಕ್ಕ. ಕ್ಷಮೆ ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು.

ಕಸಿಮೀರೊ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಇರ್ಲಿ. ಇನ್ನೂ ಆರು ದಿನ ಇದೆ. ಬಾಯಾರಿಕೆ ಎಲ್ಲಿ ಹೋಗತ್ತೆ ಅದಕ್ಕೆ, ನಾಳೆ ಬಂದೇ ಬರತ್ತೆ. ನಾಳೆ ನಾನೇ ತುಂಬ್ತೀನಿ."

ಆಗಲೇ ಡೆಲ್ಫೀನೊಗೆ ತಾನು ಮಾಡಿದ್ದೇನೆಂದು ಅರಿವಾದದ್ದು. ಸುಳ್ಳು ಹೇಳಿ ಕಸಿದುಕೊಂಡದ್ದನ್ನು ನಿಜ ಹೇಳಿ ವಾಪಸು ಕೊಟ್ಟಿದ್ದ. ಈಗ ಅದನ್ನೇ ಮತ್ತೆ ಕಸಿದುಕೊಳ್ಳಬೇಕಿತ್ತು, ಈ ಸಲ ಎದುರಿಗೆ ನಿಂತು.

"ಇಲ್ಲಣ್ಣ. ನಾಳೇನೂ ಇಲ್ಲ."

"ಏನು ನಾಳೇನೂ ಇಲ್ಲ?"

"ನಿಂಗೆ ಕೋವಿ ಕೊಡಕ್ಕಾಗಲ್ಲ."

"ಯಾಕೆ?" ನಗು ಇನ್ನೂ ಮುಖದ ಮೇಲೇ ಇತ್ತು. "ನಾನು ಮರೆತಿಲ್ಲ ಅಂತ ನೀನೇ ಹೇಳಿದೆಯಲ್ಲೋ."

ಡೆಲ್ಫೀನೊ ಟ್ರಕ್ಕಿನ ತಗಡನ್ನು ನೋಡುತ್ತ ಹೇಳಿದ. ಜುಲೈ, ಬೆಳಿಗ್ಗೆ, ಜಗಲಿ, ಮೊಟ್ಟೆಯ ಬುಟ್ಟಿ. ಆಕೆ ಮೂರು ಸಲ ಹೆಸರು ಹೇಳಿದ್ದು.

"ನೆಸ್ತೋರಾ ಮೇಲಾ?"

"ಹೂಂ."

"ಕುದುರೆ ಹಿಂದಕ್ಕೆ ಎಳೆದಿದ್ನಾ?"

ಇಲ್ಲ ಎನ್ನಬಹುದಿತ್ತು. ಆದರೆ ಇವತ್ತಿನ ಪಾಲಿನ ಸುಳ್ಳು ಮುಗಿದಿತ್ತು.

"ಎಳೆದಿದ್ದೆ ಅಂದ್ರು ಅತ್ತಿಗೆ."

ಕಸಿಮೀರೊ ಹಿಂಬಾಗಿಲ ಮೇಲೆ ಕೂತುಕೊಂಡ. ಅಂಗೈಯ ಗೆರೆಗಳಲ್ಲಿ ಉಳಿದಿದ್ದ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆಯತೊಡಗಿದ. ಒಂದೊಂದೇ ಗೆರೆ.

"ಮೂರು ತಿಂಗಳಾಯ್ತು," ಎಂದ ಕೊನೆಗೆ. "ದಿನಾ ನನ್ನ ಪಕ್ಕದಲ್ಲೇ ಮಲಗ್ತಾಳೆ. ಒಂದು ಮಾತು ಹೇಳಿಲ್ಲ."

ಮನೆಗೆ ಮುಕ್ಕಾಲು ಗಂಟೆಯ ದಾರಿ. ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ ಸಾರು ಕುದಿಯುತ್ತಿತ್ತು. ನೆಸ್ತೋರಾ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬೇಯಿಸುತ್ತಿದ್ದಳು. ಕಸಿಮೀರೊ ಬಾಗಿಲಲ್ಲಿ ನಿಂತು ಅವಳ ಬೆನ್ನನ್ನು, ಕುತ್ತಿಗೆಯ ಹಿಂದೆ ಸಡಿಲವಾದ ಬಿಳಿ ಜಡೆಯನ್ನು ನೋಡಿದ. ನೋಡಿಯೇ ನೋಡಿದ. ಅವಳು ತಿರುಗಿ, "ಯಾಕೆ ಬಾಗಿಲಲ್ಲೇ ನಿಂತಿದೀರ, ಸಿಕ್ಕಲಿಲ್ವಾ?" ಎಂದಳು.

"ಸಿಕ್ಕಲಿಲ್ಲ," ಎಂದು ಅವನು ಬಂದು ಕೂತ. ಹಾಕಿದ್ದೆಲ್ಲ ಉಂಡ. ಉಂಡ ಮೇಲೆ ತಟ್ಟೆಯನ್ನು ತಾನೇ ತೊಳೆದಿಟ್ಟ. ಮದುವೆಯಾದಂದಿನಿಂದ ಅವನು ತಟ್ಟೆ ತೊಳೆದದ್ದಿಲ್ಲ. ನೆಸ್ತೋರಾ ಮೈದುನನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ಆಕೆಗೆ ಗೊತ್ತಾಯಿತು. ಏಪ್ರನ್ನಿನ ತುದಿಯಿಂದ ಒಮ್ಮೆ ಮೂಗು ಒರೆಸಿಕೊಂಡು, ಬಾಕಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಡಲು ಹೋದಳು.

ಮಾರನೆಯ ದಿನ ಮಧ್ಯಾಹ್ನ ಅಣ್ಣ ಬರುತ್ತಾನೋ ಇಲ್ಲವೋ ಎಂದುಕೊಂಡೇ ಡೆಲ್ಫೀನೊ ಅವನ ಅಂಗಳಕ್ಕೆ ಟ್ರಕ್ಕು ತಂದ. ಕಸಿಮೀರೊ ಕೋಟು ಹಾಕಿಕೊಂಡು ಜಗಲಿಯ ಮೇಲೆ ತಯಾರಾಗಿದ್ದ. ಕೈಯಲ್ಲಿ ಕಾಫಿಯ ಫ್ಲಾಸ್ಕು ಬಿಟ್ಟರೆ ಬೇರೇನೂ ಇರಲಿಲ್ಲ.

"ಒಂದು ಕೋವಿ ಸಾಕು," ಎಂದ. "ನಿಂದು."

ಪೈನ್ ಮರದ ಬುಡದಲ್ಲಿ ತಮ್ಮನ ಕೋವಿಯನ್ನು ಕಸಿಮೀರೊ ತುಂಬಿದ. ಮದ್ದು ಅಳೆದದ್ದು, ನಳಿಗೆಗೆ ಸುರಿದು ಪಕ್ಕಕ್ಕೆ ತಟ್ಟಿದ್ದು, ಗುಂಡನ್ನು ಎಣ್ಣೆಬಟ್ಟೆಯಲ್ಲಿ ಕೂರಿಸಿ ಒಂದೇ ಒತ್ತಿಗೆ ತಳ ಮುಟ್ಟಿಸಿದ್ದು, ಎಲ್ಲಿಯೂ ಒಂದು ತಪ್ಪಿಲ್ಲ. ಗಜವನ್ನು ಮುಂದೆ ಚಾಚಿದ.

"ಬಿಟ್ಟು ನೋಡು."

"ಬೇಡಣ್ಣ. ನೀನು ತುಂಬಿದೀಯಲ್ಲ."

"ಅದಕ್ಕೇ ಹೇಳ್ತಿರೋದು. ನೋಡು."

ಡೆಲ್ಫೀನೊ ಗಜ ಬಿಟ್ಟು ನೋಡಿದ. ಸರಿಯಾಗಿತ್ತು. ಅಣ್ಣ ತಲೆಯಾಡಿಸಿ ಏಣಿ ಹತ್ತಿದ.

ಮೇಲೆ, ಕಸಿಮೀರೊ ಸ್ವಲ್ಪ ಹಿಂದೆ ಸರಿದು ಕೂತು ಬಲಗೈಯನ್ನು ತಮ್ಮನ ಬೆನ್ನಿನ ಮೇಲಿಟ್ಟ. ಡೆಲ್ಫೀನೊ ಮೊದಲ ಸಲ ಈ ಮರ ಹತ್ತಿದಾಗ ಅಪ್ಪ ದೂರದ ವಯೋಮಿಂಗಿನಲ್ಲಿ ಯಾರದೋ ಕುರಿ ಕಾಯುತ್ತಿದ್ದ. ಬೇಟೆ ಕಲಿಸಿದ್ದು, ಮೀಸೆ ಬೋಳಿಸಲು ಕಲಿಸಿದ್ದು, ಎಲ್ಲ ಈ ಅಣ್ಣನೇ. ಅವತ್ತೂ ಹೀಗೇ ಹಿಂದೆ ಕೂತಿದ್ದ.

"ನಾನು ಬೆನ್ನು ತಟ್ಟೋವರೆಗೂ ಹೊಡೀಬೇಡ. ಎಷ್ಟು ಹೊತ್ತಾದ್ರೂ ಸರಿ. ನಿಂಗೆ ಯಾವತ್ತೂ ಆತುರ."

"ತಟ್ಟೋವರೆಗೂ ಹೊಡೆಯಲ್ಲ."

"ಆಣೆ?"

"ಆಣೆ."

ಬಿಸಿಲು ನಿನ್ನೆಯಂತೆಯೇ ಏರಿ ದಾಟಿತು. ಗಾಳಿ ನಿಂತಿತ್ತು. ಅದು ಆಚೆ ದಡದಿಂದ, ಆಸ್ಪೆನ್ ಮರಗಳ ನಡುವಿನಿಂದ, ಸದ್ದೇ ಇಲ್ಲದೆ ಬಂತು. ನಿನ್ನೆಯದೋ ಬೇರೆಯದೋ, ಕೊಂಬು ಅಷ್ಟೇ ದೊಡ್ಡದು. ಏರಿಯ ಮೇಲೆ ಬಹಳ ಹೊತ್ತು ನಿಂತು ಮೂಗು ಎತ್ತಿ ಗಾಳಿ ನೋಡಿತು. ಆಮೇಲೆ ಇಳಿದು ಬಂದು, ಇವರಿಗೆ ಪೂರ್ತಿ ಅಡ್ಡಲಾಗಿ ನಿಂತು ನೀರಿಗೆ ಬಾಯಿಟ್ಟಿತು.

ಡೆಲ್ಫೀನೊ ಕುದುರೆ ಎಳೆದು ಗುರಿ ಹಿಡಿದ. ಮುಂಗಾಲಿನ ಹಿಂದೆ, ಅಂಗೈಯಗಲದ ಜಾಗ. ಇದಕ್ಕಿಂತ ಒಳ್ಳೆಯ ಹೊಡೆತ ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕೈ ತಟ್ಟುವುದನ್ನು ಕಾದ. ಪ್ರಾಣಿ ಕುಡಿಯಿತು. ತಲೆ ಎತ್ತಿ, ಗದ್ದದಿಂದ ನೀರು ತೊಟ್ಟಿಕ್ಕಿಸಿಕೊಂಡು ನಿಂತು, ಮತ್ತೆ ಕುಡಿಯಿತು. ಬೆನ್ನ ಮೇಲಿನ ಕೈ ಬೆಚ್ಚಗೆ, ಭಾರವಾಗಿ ಇದ್ದಲ್ಲೇ ಇತ್ತು. ಇನ್ನೂ ಕಾಯುತ್ತಿದ್ದಾನೆ, ನನಗೆ ಯಾವತ್ತೂ ಆತುರ, ಎಂದುಕೊಂಡ ಡೆಲ್ಫೀನೊ. ಕೋವಿಯ ಭಾರಕ್ಕೆ ಎಡಗೈ ಸೋಲುತ್ತಿತ್ತು.

ಆಗ ಕಿವಿಯ ಹತ್ತಿರ ಅಣ್ಣನ ಪಿಸುಮಾತು ಕೇಳಿಸಿತು.

"ಎಷ್ಟು ಚೆನ್ನಾಗಿದೆ ನೋಡೋ."

"ಹೂಂ," ಎಂದ ಡೆಲ್ಫೀನೊ ಕಣ್ಣು ತೆಗೆಯದೆ.

"ಏನಂತಾರೆ ಅದಕ್ಕೆ?"

ತಮಾಷೆ ಎಂದುಕೊಂಡು ಡೆಲ್ಫೀನೊ ನಗುವಿಗಾಗಿ ಕಾದ. ನಗು ಬರಲಿಲ್ಲ. ಮೆಲ್ಲಗೆ ತಲೆ ತಿರುಗಿಸಿದ. ಕಸಿಮೀರೊ ಕೊಳವನ್ನೇ ನೋಡುತ್ತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ಅವನ ಮುಖದಲ್ಲಿ ಭಯವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಬರುತ್ತದೆಂದು ಸುಮ್ಮನೆ ಕಾಯುತ್ತಿದ್ದ.

"ಎಲ್ಕ್ ಅಂತಾರಣ್ಣ."

"ಎಲ್ಕ್," ಎಂದ ಕಸಿಮೀರೊ, ಹೊಸದಾಗಿ ಪರಿಚಯವಾದವರ ಹೆಸರನ್ನು ಒಮ್ಮೆ ಹೇಳಿ ನೋಡುವವನಂತೆ. "ಬಹಳ ಬಾಯಾರಿದೆ ಪಾಪ."

ಡೆಲ್ಫೀನೊ ಹೆಬ್ಬೆರಳಿನಿಂದ ಕುದುರೆಯನ್ನು ತಡೆದು ಹಿಡಿದು, ಸದ್ದಾಗದಂತೆ ನಿಧಾನವಾಗಿ ಇಳಿಸಿದ. ಕೆಳಗೆ ಅದು ಕುಡಿಯುತ್ತಲೇ ಇತ್ತು. ಅದರ ಬಾಯಿಂದ ಎದ್ದ ಅಲೆಗಳು ಒಂದರ ಹಿಂದೊಂದು ಕೊಳ ದಾಟಿ ಬಂದು ಈಚೆ ದಡದ ಕೆಸರಿಗೆ ಮುಟ್ಟುತ್ತಿದ್ದವು.